ಹಡಗಿನ ಸಿಪಾಯಿಯ ಎಲೆ

ಈ ವರ್ಷದ ಆಟಿಯಲ್ಲಿ ಮೊದಲ ಸಲ ನಾನೇ ಒಳಗೆ ಕೂತು ಅಗೆಲು ಬಡಿಸಿದೆ. ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳಲ್ಲಿ ಮನೆಯಿಂದ ಹೋದ ಹಿರಿಯರಿಗೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸುತ್ತೇವೆ. ಆಮೇಲೆ ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವ ತನಕ ಹೊರಗೆ ಮಾತಿಲ್ಲದೆ ಕಾಯುವುದು ನಮ್ಮಲ್ಲಿಯ ಕ್ರಮ. ಬಡಿಸುವವರು ಒಬ್ಬರೇ ಒಳಗಿರಬೇಕು, ಉಳಿದವರು ಹೊಸ್ತಿಲಾಚೆ ನಿಂತು ಪಾತ್ರೆ ಕೊಡಬಹುದು. ಇಷ್ಟು ವರ್ಷ ಒಳಗಿದ್ದವರು ನನ್ನ ಅತ್ತೆ. ಈಗ ಅವರಿಗೂ ಒಂದು ಎಲೆ ಸೇರಿದೆ.

ಹೊಸ್ತಿಲಲ್ಲಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಹಿಡಿದು ನಿಂತಿದ್ದವನು ನನ್ನ ಗಂಡ ದಿವಾಕರ. ಅತ್ತೆಯ ಎಲೆಗೆ ನಾನು ಮೀನಿನ ನಡುತುಂಡು ಎತ್ತಿದ್ದನ್ನು ನೋಡಿ, "ಅಮ್ಮನಿಗೆ ಬಾಲ ಹಾಕಿದ್ರೆ ಸಾಕು ಮಾರಾಯ್ತಿ. ಅವರು ನಡುತುಂಡು ತಿಂದದ್ದು ನಾನು ಹುಟ್ಟಿದ ಮೇಲೆ ನೋಡ್ಲಿಲ್ಲ" ಎಂದ. ನಾನು ನಡುತುಂಡನ್ನೇ ಇಟ್ಟು ಹೊರಗೆ ಬಂದು ಬಾಗಿಲು ಎಳೆದೆ. ಬಾಗಿಲ ಸಂದಿಯಿಂದ ಧೂಪ, ಕೋಳಿ ಗಸಿ, ಹುಳಿಖಾರ, ಬಿಸಿ ಅನ್ನಕ್ಕೆ ಬಾಡಿದ ಬಾಳೆಲೆ ಎಲ್ಲ ಸೇರಿದ ಒಂದು ವಾಸನೆ ಬಂತು. ಕೆಲವು ವರ್ಷಗಳ ಹಿಂದಿನ ಆ ಮಳೆಗಾಲ ಹೋಗಿಲ್ಲ, ಈ ಬಾಗಿಲ ಹಿಂದೆಯೇ ಕೂತಿದೆ ಅನಿಸಿತು.

ನಾನು ಹುಟ್ಟಾ ಹೆದರುಪುಕ್ಕಲಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ್ದು ಕಾರ್ಕಳದಲ್ಲಿ. ಅಲ್ಲಿ ನೆಲವೆಂದರೆ ಕಲ್ಲು, ಅದು ರಾತ್ರಿ ಮಲಗಿದಲ್ಲಿಯೇ ಬೆಳಿಗ್ಗೆ ಇರುತ್ತದೆ. ಮದುವೆಯಾಗಿ ಕಾಪುವಿಗೆ ಬಂದಮೇಲೆ ಮಳೆಗಾಲದಲ್ಲಿ ಕಡಲು ಬೊಬ್ಬೆ ಹೊಡೆಯುವುದನ್ನು ಕೇಳಿ ಮೊದಲ ವರ್ಷ ನಿದ್ದೆಯೇ ಮಾಡಲಿಲ್ಲ. ದೀಪಸ್ತಂಭದ ಬಂಡೆಗೆ ಅಲೆ ಅಪ್ಪಳಿಸಿದ್ದು ನಮ್ಮ ಮನೆಯ ಅಡುಗೆಮನೆಗೆ ಕೇಳುತ್ತದೆ. ಅತ್ತೆ ನಗುತ್ತಿದ್ದರು. "ಅದು ಅಲ್ಲಿ ಉಂಟು, ನಾವು ಇಲ್ಲಿ ಉಂಟು. ಎಂತ ಹೆದರಿಕೆ?" ಎನ್ನುತ್ತಿದ್ದರು. ಅತ್ತೆ ಮಾತಾಡುತ್ತಿದ್ದುದು ತುಳುವಿನಲ್ಲಿ. ಅದನ್ನು ನನಗೆ ಬಂದ ಹಾಗೆ ಇಲ್ಲಿ ಕನ್ನಡ ಮಾಡಿದ್ದೇನೆ.

ಹಾಗೆ ಹೇಳುವ ಅತ್ತೆ ಮಗನನ್ನು ಮಾತ್ರ ಕಡಲಿಗೆ ಇಳಿಯಲು ಬಿಟ್ಟವರಲ್ಲ. ಅವರ ತಮ್ಮ ಎಳೆಯ ಪ್ರಾಯದಲ್ಲಿ ಕಡಲಲ್ಲಿ ಹೋದವನು, ದೇಹವೂ ಸಿಗಲಿಲ್ಲವಂತೆ. ಹಾಗಾಗಿ ದಿವಾಕರ ಕಾಪುವಿನಲ್ಲಿ ಹುಟ್ಟಿಯೂ ಈಜು ಬಾರದವನು. ಮಗ ನೀರಿನಿಂದ ದೂರ ಇರಲಿ ಎಂದು ಅವರೇ ಮುಂದೆ ನಿಂತು ಸೈನ್ಯಕ್ಕೆ ಸೇರಿಸಿದ್ದರು. ಅವನು ಮರುಭೂಮಿಯಲ್ಲಿಯೂ ಹಿಮದಲ್ಲಿಯೂ ಬಂದೂಕು ಹಿಡಿದು ನಿಂತು, ಹವಾಲ್ದಾರನಾಗಿ ನಿವೃತ್ತನಾಗಿ, ಒಂದು ಕೂದಲೂ ಕೊಂಕದೆ ಮನೆಗೆ ಬಂದ. ಆಮೇಲೆ ಮಣಿಪಾಲದಲ್ಲಿ ಒಂದು ವಸತಿ ಸಮುಚ್ಚಯದ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ. ಹುಡುಗರ ಕಾರುಗಳಿಗೆ ಸಲಾಮು ಹೊಡೆದು ಹೊಡೆದು ಅವನ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ದಿನ ಬಂದು, "ಹಡಗಿನಲ್ಲಿ ಕಾವಲಿನ ಕೆಲಸ ಉಂಟು. ಸರಕಿನ ಹಡಗಿಗೆ ಕಡಲ್ಗಳ್ಳರು ಬಾರದ ಹಾಗೆ ನೋಡಿಕೊಳ್ಳುವುದು. ಸೈನ್ಯದವರನ್ನೇ ತೆಗೆದುಕೊಳ್ಳುತ್ತಾರೆ" ಎಂದ. ಅತ್ತೆ ಹಿಡಿದಿದ್ದ ಅನ್ನದ ಸೌಟು ಹಾಗೆಯೇ ನಿಂತಿತು. "ಈಜು?" ಎಂದು ನಾನು ಕೇಳಿದೆ. "ಹಡಗು ಈಜುತ್ತದಲ್ಲ, ನಾನು ಯಾಕೆ ಈಜಬೇಕು?" ಎಂದು ನಕ್ಕ.

ಆ ವರ್ಷ ಕೆಂಪು ಸಮುದ್ರದ ಬಾಯಿಯಲ್ಲಿ ಹಾದುಹೋಗುವ ಹಡಗುಗಳ ಮೇಲೆ ಡ್ರೋನುಗಳು ಬೀಳುತ್ತಿದ್ದವು. ಟೀವಿಯಲ್ಲಿ ದಿನಾ ತೋರಿಸುತ್ತಿದ್ದರು. "ದೋಣಿಯಲ್ಲಿ ಕಳ್ಳರು ಬಂದ್ರೆ ನಾವುಂಟು. ಮೇಲಿಂದ ಬಂದ್ರೆ ನಾವೂ ಉಳಿದವರ ಹಾಗೆ ಓಡುವುದೇ" ಎಂದು ದಿವಾಕರ ಸತ್ಯವನ್ನೇ ಹೇಳಿದ. ಮೊದಲ ಮಳೆ ಬೀಳುವ ಮೊದಲೇ ಅವನು ಹೋಗಿಬಿಟ್ಟ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ಮತ್ತು ಅಡುಗೆಮನೆಗೆ ಕೇಳುವ ಕಡಲು.

ಅದೇ ಸಮಯಕ್ಕೆ ನನಗೆ ಒಂದು ಬರವಣಿಗೆಯ ಕೆಲಸ ಗಂಟುಬಿದ್ದಿತ್ತು. ನಾನು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಮಣಿಪಾಲದಲ್ಲಿದ್ದ ನನ್ನ ಹಳೆಯ ಮೇಷ್ಟ್ರು, ವಿದ್ಯಾರ್ಥಿಗಳಿಗಾಗಿ ಹಳೆಯ ಮಹಾಯುದ್ಧಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಮಾಡಿಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಏಳು ವರ್ಷಗಳ ಯುದ್ಧವನ್ನು ಹಂಚುವಾಗ ರಾಜರು, ಸೇನಾಪತಿಗಳು ಎಲ್ಲ ಬೇರೆಯವರ ಪಾಲಾದರು. ನನಗೆ ಉಳಿದದ್ದು ಇಂಗ್ಲಿಷರ ಯುದ್ಧನೌಕೆಗಳ ಮೇಲಿದ್ದ ಪದಾತಿಗಳ ಅಧ್ಯಾಯ. "ಯಾರೂ ಕೇಳದ ಜನ ಅವರು, ನೀವೇ ಬರೆಯಿರಿ" ಎಂದರು. ನಾನು ಅದಕ್ಕೆ 'ಹಡಗಿನ ಸಿಪಾಯಿಗಳು' ಎಂದು ಹೆಸರಿಟ್ಟೆ.

ಫೋನಿನಲ್ಲಿ ದಿವಾಕರನಿಗೆ ಹೇಳಿದಾಗ ಅವನಿಗೆ ಎಲ್ಲಿಲ್ಲದ ಖುಷಿ. "ನನ್ನ ಕತೆಯೇ ಬರೀತಿದ್ದೀ ಅಲ್ವಾ?" ಎಂದ. ಹೌದು, ಅವನ ಕತೆಯೇ. ಆ ಯುದ್ಧದ ಹೊಸ್ತಿಲಲ್ಲಿ ಇಂಗ್ಲೆಂಡ್ ಈ ಸಿಪಾಯಿಗಳನ್ನು ನೌಕಾಪಡೆಯ ಕೈಕೆಳಗೆ ತಂದಿತು. ಅವರು ಹಡಗಿನ ಮೇಲಿದ್ದರೂ ನಾವಿಕರಲ್ಲ. ಹಾಯಿ ಕಟ್ಟಲು ಕಂಬ ಹತ್ತು ಎಂದು ಅವರಿಗೆ ಯಾರೂ ಹೇಳುವಂತಿರಲಿಲ್ಲ. ಸಿಡಿಮದ್ದಿನ ಕೋಣೆಯ ಬಾಗಿಲಿಗೆ, ಕಪ್ತಾನನ ಬಾಗಿಲಿಗೆ ಕಾವಲು ನಿಲ್ಲುವುದು ಅವರ ಕೆಲಸ. ನಾವಿಕರು ತಿರುಗಿಬಿದ್ದರೆ ಎದುರು ನಿಲ್ಲಬೇಕಾದವರೂ ಇವರೇ. ಹಾಗಾಗಿ ಮಲಗುವುದು ಅಧಿಕಾರಿಗಳಿಗೂ ನಾವಿಕರಿಗೂ ನಡುವೆ, ಎರಡೂ ಕಡೆಯವರಿಗೆ ಬೇಡವಾದವರಾಗಿ. ಇದನ್ನು ಓದಿ ಹೇಳಿದಾಗ ದಿವಾಕರ, "ಇಲ್ಲಿಯೂ ಹಾಗೆಯೇ ಮಾರಾಯ್ತಿ. ಹಡಗಿನವರು ನಮ್ಮನ್ನು ಪ್ಯಾಸೆಂಜರ್ ಅಂತ ಕರೆಯುವುದು" ಎಂದು ನಕ್ಕ.

ಕಡಲ ಕಾಳಗದಲ್ಲಿ ಆ ಸಿಪಾಯಿಗಳು ಮೇಲಟ್ಟದಲ್ಲಿ ಸಾಲಾಗಿ ನಿಂತು, ಕೆಲವರು ಕಂಬದ ಮಧ್ಯದ ಅಟ್ಟಣಿಗೆಗೆ ಹತ್ತಿ, ಎದುರು ಹಡಗಿನ ಅಧಿಕಾರಿಗಳ ಮೇಲೆ ಗುಂಡು ಹಾರಿಸುತ್ತಿದ್ದರು. ಆದರೆ ಆ ಯುದ್ಧದಲ್ಲಿ ಅವರ ದೊಡ್ಡ ಪಾತ್ರ ದಡಕ್ಕೆ ಇಳಿಯುವುದು. ಚಪ್ಪಟೆ ತಳದ ದೋಣಿಗಳಲ್ಲಿ ಅವರನ್ನು ತುಂಬಿ ಶತ್ರುವಿನ ಕರಾವಳಿಗೆ ಕಳುಹಿಸುತ್ತಿದ್ದರು. ಹುಟ್ಟು ಹಾಕುವವರು ನಾವಿಕರು. ಸಿಪಾಯಿಗಳು ನಡುವೆ ಒತ್ತಾಗಿ ಕೂತು, ಬಂದೂಕನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದು, ಸುಮ್ಮನಿರಬೇಕು. ದಡದಿಂದ ಗುಂಡು ಬಂದರೂ ದೋಣಿಯಿಂದ ತಿರುಗಿ ಹಾರಿಸುವಂತಿಲ್ಲ. ಉಣ್ಣೆಯ ಕೆಂಪು ಕೋಟು, ಎದೆಗೆ ಅಡ್ಡಪಟ್ಟಿ, ತೋಟಾಚೀಲ. ದೋಣಿ ಮಗುಚಿದರೆ ಆ ಭಾರವೇ ಕೆಳಗೆಳೆಯುತ್ತದೆ, ಹೆಚ್ಚಿನವರಿಗೆ ಈಜು ಬೇರೆ ಬಾರದು. ಫ್ರಾನ್ಸಿನ ಕರಾವಳಿಯ ಒಂದು ದ್ವೀಪದಲ್ಲಿ ಮೊದಲ ಸಲ ಸೋತು ಹಿಂದೆ ಸರಿದರು, ಎರಡನೆಯ ಸಲ ಕಡಿದಾದ ಬಂಡೆಯನ್ನು ಹತ್ತಿ ಗೆದ್ದರು. ಇತಿಹಾಸ ಆ ಗೆಲುವನ್ನು ಹೊಗಳುತ್ತದೆ. ನನಗೆ ಕಾಣುತ್ತಿದ್ದುದು ಮಾತ್ರ ದೋಣಿಯ ನಡುವೆ ಸುಮ್ಮನೆ ಕೂತ ಒಬ್ಬನ ಬೆನ್ನು. ಆ ಬೆನ್ನು ದಿವಾಕರನದೇ ಆಗಿರುತ್ತಿತ್ತು.

ಉದ್ಯಾವರದ ರಫೀಕ್ ದಿವಾಕರನ ಶಾಲೆಯ ದಿನಗಳ ಗೆಳೆಯ. ಸೌದಿಯ ದಮಾಮಿನಲ್ಲಿ ದುಡಿದು ಹಿಂದೆ ಬಂದು ಕಾಪು ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ನನ್ನ ಹೆದರಿಕೆ ನೋಡಲಾಗದೆ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಜಗತ್ತಿನ ಹಡಗುಗಳೆಲ್ಲ ಅದರಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ದಿವಾಕರನ ಹಡಗಿಗೆ ಯಾವುದೋ ಗ್ರೀಕ್ ಹೆಂಗಸಿನ ಹೆಸರು. ರಫೀಕ್ ಅದನ್ನು ಹುಡುಕಿ, "ನೋಡಿ ಟೀಚರ್, ಈ ಹಸಿರು ಚುಕ್ಕೆ. ಇದರೊಳಗೆ ನಮ್ಮ ದಿವಾಕರ ಉಂಟು" ಎಂದು ತೋರಿಸಿದ.

ಅಲ್ಲಿಂದ ನನಗೆ ಬೇರೆ ಲೋಕವೇ ಇಲ್ಲದಾಯಿತು. ಪಾಠದ ನಡುವೆ ಚುಕ್ಕೆ, ಬಸ್ಸಿನಲ್ಲಿ ಚುಕ್ಕೆ, ದೋಸೆ ಕಾವಲಿಯ ಮೇಲಿದ್ದಾಗಲೂ ಚುಕ್ಕೆ. ಅಪಾಯದ ಜಾಗದಲ್ಲಿ ಹಡಗಿನವರು ತಾವಿರುವ ಜಾಗ ತಿಳಿಸುವ ಯಂತ್ರವನ್ನು ಆರಿಸುತ್ತಾರೆ, ಆಗ ಚುಕ್ಕೆ ಮಾಯವಾಗುತ್ತದೆ, ಹೆದರಬೇಡ ಎಂದು ದಿವಾಕರ ಮೊದಲೇ ಹೇಳಿದ್ದ. ಮೊದಲ ಸಲ ಮಾಯವಾದಾಗ ನನಗೆ ಜೀವ ಬಾಯಿಗೆ ಬಂತು. ಕೆಲವು ದಿನಗಳಲ್ಲಿ ಚುಕ್ಕೆ ಅಪಾಯದ ಜಾಗ ದಾಟಿ ಪುನಃ ಕಾಣಿಸಿತು, ಅವನ ಫೋನೂ ಬಂತು. "ನಾನು ಹೇಳ್ಲಿಲ್ವಾ?" ಎಂದ. ಅತ್ತೆ, "ಊಟ ಆಯಿತಾ ಕೇಳು" ಎಂದರು. ಅವರು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಅದೊಂದೇ.

ಎರಡನೆಯ ಸಲ ಚುಕ್ಕೆ ಮಾಯವಾದಾಗ ಆಟಿ ಹುಟ್ಟಿತ್ತು. ಮಳೆ ಆಕಾಶವನ್ನೇ ಕೆಳಗೆ ಇಳಿಸಿತ್ತು. ಕಡಲು ತೀರದ ಕಲ್ಲುಗಳನ್ನು ಎಳೆದುಕೊಂಡು ಹೋಗುವ ಸದ್ದು ಹಗಲಿನಲ್ಲಿಯೂ ಕೇಳುತ್ತಿತ್ತು. ಈ ಸಲ ಚುಕ್ಕೆ ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಸಂಜೆಯ ವಾರ್ತೆಯಲ್ಲಿ ಒಂದು ಹಡಗು ಉರಿಯುವುದನ್ನು ತೋರಿಸಿದರು. ಹೆಸರು ಹೇಳಲಿಲ್ಲ. ಕಡಲಿನ ಮೇಲೆ ಹೊಗೆ, ಅದರಾಚೆ ಏನೂ ಕಾಣದು. ನಾನು ರಿಮೋಟ್ ಹಿಡಿದು ನಿಂತು ಬೇರೆ ಬೇರೆ ಚಾನೆಲ್ಲುಗಳಲ್ಲಿ ಅದನ್ನೇ ಹುಡುಕಿದೆ. ಅತ್ತೆ ಮಾತ್ರ ಟೀವಿಯ ಕಡೆ ನೋಡದೆ, "ಆರಿಸು. ಅವನಿಗೆ ಎಂತದೂ ಆಗುವುದಿಲ್ಲ. ಅವನದು ಗಟ್ಟಿ ಜೀವ" ಎಂದು ತೆಂಗಿನಕಾಯಿ ತುರಿಯುತ್ತಾ ಕೂತರು.

ಬರವಣಿಗೆ ಅಲ್ಲಿಗೇ ನಿಂತಿತು. ಅಧ್ಯಾಯದ ಕೊನೆಗೆ ನಾನು ಪಾಂಡಿಚೇರಿಯ ಮುತ್ತಿಗೆಗೆ ಬಂದಿದ್ದೆ. ಅದೇ ಯುದ್ಧದ ಒಂದು ಕೊನೆ ನಮ್ಮ ದೇಶದ ಪೂರ್ವ ಕರಾವಳಿಗೂ ಚಾಚಿತ್ತು. ಫ್ರೆಂಚರ ಊರಿನ ಎದುರು ಇಂಗ್ಲಿಷರ ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದಾಗ ಚಂಡಮಾರುತ ಎದ್ದು, ಶತ್ರುವಿನ ಗುಂಡು ಮಾಡದ ಕೆಲಸವನ್ನು ಗಾಳಿ ಮಾಡಿತು. 'ಹಲವು ಹಡಗುಗಳು ನಾವಿಕರು, ಸಿಪಾಯಿಗಳ ಸಮೇತ' ಎಂದು ಬರೆದು ಕೈ ತಡೆಯಿತು. ಮುಂದಿನ ಒಂದು ಪದ ಬರೆಯಲು ನನ್ನಿಂದಾಗಲಿಲ್ಲ. ಇಲ್ಲಿ ನಾನು ಬರೆದರೆ ಅಲ್ಲಿ ಆಗಿಬಿಡುತ್ತದೆ ಎಂಬ ಭಯ. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಮಕ್ಕಳಿಗೆ ಮೂಢನಂಬಿಕೆ ಬೇಡ ಎಂದು ಪಾಠ ಹೇಳುವವಳು! ಮೇಷ್ಟ್ರು ಮಣಿಪಾಲದಿಂದ ಫೋನ್ ಮಾಡಿ, "ಒಂದು ಪ್ಯಾರಾ ಬಾಕಿ ಅಲ್ಲವಾ?" ಎಂದು ಕೇಳಿದರು. "ಒಂದು ಪದ ಬಾಕಿ ಸರ್" ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬರುವಾಗ ರಫೀಕ್ ಅಂಗಡಿಯಿಂದ ಓಡಿಬಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದ. ಕೊಡೆಯನ್ನೂ ತಂದಿರಲಿಲ್ಲ. "ಟೀಚರ್, ಬಂತು! ಚುಕ್ಕೆ ಬಂತು! ಸೂಯೆಜ್ ಕಾಲುವೆ ದಾಟಿ ಆಚೆ ಹೋಗಿದೆ, ಹಡಗಿಗೆ ಎಂತದೂ ಆಗ್ಲಿಲ್ಲ!" ಎಂದು ಫೋನನ್ನು ನನ್ನ ಮುಖಕ್ಕೇ ಹಿಡಿದ. ನಾನು ಆ ಮಳೆಯಲ್ಲಿ, ಜನರ ಎದುರು, ಗೊಳೋ ಎಂದು ಅತ್ತುಬಿಟ್ಟೆ. ಮನೆಗೆ ಹೋಗಿ ಅತ್ತೆಗೆ ಹೇಳಿ ಪಾಯಸ ಮಾಡಿದೆ. ಆದರೆ ದಿವಾಕರನ ಫೋನು ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಚುಕ್ಕೆ ಮೆಡಿಟರೇನಿಯನ್ನಿನಲ್ಲಿ ಆರಾಮವಾಗಿ ತೇಲುತ್ತಿದೆ, ಅದರೊಳಗಿನವನಿಗೆ ಒಂದು ಮಾತು ಹೇಳಲು ಬಿಡುವಿಲ್ಲವೇ?

ಕೊನೆಗೆ, ಮೊದಲು ಎಷ್ಟು ಸಲ ಮಾಡಿದರೂ ಯಾರೂ ಎತ್ತದಿದ್ದ ಅವನ ಕಂಪೆನಿಯ ಮುಂಬಯಿ ಕಚೇರಿಗೆ ಪುನಃ ಫೋನ್ ಮಾಡಿದೆ. ಈ ಸಲ ಒಬ್ಬ ಹುಡುಗಿ ಎತ್ತಿದಳು. ದಿವಾಕರನ ಹೆಸರು, ಹಡಗಿನ ಹೆಸರು ಹೇಳಿದೆ. ಅವಳು ಏನನ್ನೋ ನೋಡಿ ಸಹಜವಾಗಿ, "ಅವರು ಆ ಹಡಗಿನಲ್ಲಿ ಇಲ್ಲವಲ್ಲ ಮೇಡಂ. ಆ ತಂಡವನ್ನು ಮೊದಲ ಪ್ರಯಾಣ ಮುಗಿದ ಕೂಡಲೇ ಇಳಿಸಿ ಬೇರೆ ಹಡಗಿಗೆ ಹಾಕಿದ್ದೇವೆ" ಎಂದಳು. ಯಾವ ಹಡಗು ಎಂದು ಕೇಳಿದೆ. ಅದನ್ನು ಹೇಳುವಂತಿಲ್ಲ, ದೊಡ್ಡವರು ಫೋನ್ ಮಾಡುತ್ತಾರೆ ಎಂದಳು. ಅವಳ ದನಿ 'ದೊಡ್ಡವರು' ಎನ್ನುವಲ್ಲಿ ಸ್ವಲ್ಪ ಇಳಿಯಿತು. ಆ ಇಳಿದ ದನಿ ನನ್ನ ಎದೆಯಲ್ಲಿ ಕೂತಿತು.

ಇಷ್ಟು ದಿನ ನಾನು ಕಾದದ್ದು ಯಾರದೋ ಗಂಡಂದಿರನ್ನು. ನನ್ನ ಗಂಡ ಯಾವ ಚುಕ್ಕೆಯಲ್ಲಿಯೂ ಇರಲಿಲ್ಲ. ಕಾವಲಿನವರು ಅಪಾಯದ ದಾರಿ ಮುಗಿದ ಮೇಲೆ ಇಳಿಯುತ್ತಾರೆ, ಫೋನೂ ತಾಗದ ಕಡಲ ನಡುವೆಯೇ ನಿಂತಿರುವ ಇನ್ನೊಂದು ಹಡಗಿನಲ್ಲಿ ಕಾಯುತ್ತಾರೆ, ಕರೆ ಬಂದಾಗ ಮತ್ತೊಂದಕ್ಕೆ ಹತ್ತುತ್ತಾರೆ. ಅದನ್ನು ಊಹಿಸಲು ನನಗೆ ಬುದ್ಧಿ ಇರಬೇಕಿತ್ತು. 'ಇವರು ಇಂದು ಈ ಹಡಗಿನವರು, ನಾಳೆ ಆ ಹಡಗಿನವರು. ಬೇಕಾದಲ್ಲಿಗೆ ಎರವಲು ಹೋಗುವ ಜನ' ಎಂದು ಅಧ್ಯಾಯದ ಎರಡನೆಯ ಪುಟದಲ್ಲಿ ನಾನೇ ಬರೆದಿದ್ದೆ. ರಫೀಕನಿಗೆ ಹೇಳಿದಾಗ ಅವನು ತಲೆಗೆ ಕೈಹೊತ್ತು ಕೂತ. "ಅಲ್ಲಾ... ನಾನೇ ನಿಮಗೆ ಸುಳ್ಳು ಆಸೆ ತೋರಿಸಿದ ಹಾಗಾಯ್ತಲ್ಲ ಟೀಚರ್" ಎಂದ. ಉರಿದ ಹಡಗಿನಲ್ಲಿ ಕಾವಲಿನವರಿದ್ದರು, ಜನ ದೋಣಿಗೆ ಇಳಿದಿದ್ದಾರೆ, ಕೆಲವರ ಪತ್ತೆಯಿಲ್ಲ ಎಂದು ಆ ಹೊತ್ತಿಗೆ ವಾರ್ತೆಯಲ್ಲಿ ಬಂದಾಗಿತ್ತು.

ಅತ್ತೆಗೆ ನಾನು ಏನೂ ಹೇಳಲಿಲ್ಲ. ನಮ್ಮ ಮನೆಯ ಗೋಡೆಗಳು ಹೇಳಿರಬೇಕು. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಗೆಲಿನ ದಿನ ಬಂದಿತ್ತು, ಅದರ ಸಿದ್ಧತೆಯಲ್ಲಿ ಮುಳುಗಿದರು. "ಈ ವರ್ಷ ಬೇಡ ಅತ್ತೆ, ದಿವಾಕರ ಬಂದಮೇಲೆ ಮಾಡುವ" ಎಂದೆ. "ಸತ್ತವರ ಹಸಿವೆ ಕಾಯುವುದಿಲ್ಲ" ಎಂದರು. ದೊಡ್ಡ ದೋಣಿಗಳೆಲ್ಲ ಮಳೆಗೆ ದಡ ಸೇರಿದ್ದವು. ಆದರೂ ನಾಡದೋಣಿಯವರನ್ನು ಕಾದು ಕೂತು ಬಂಗುಡೆ ತಂದರು.

ಆ ದಿನ ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಗೋಡೆಗಳು ನೀರು ಕುಡಿದು ಪ್ಲಗ್ಗುಗಳೆಲ್ಲ ಜುಮ್ಮೆನ್ನುತ್ತಿದ್ದವು. ಒಣಗಿದ್ದದ್ದು ಒಳಕೋಣೆಯ ಪ್ಲಗ್ಗು ಒಂದೇ. ಫೋನು ಸತ್ತರೆ ದಿವಾಕರನೇ ಸತ್ತ ಹಾಗೆ ಎಂಬ ಹೆದರಿಕೆಯಲ್ಲಿದ್ದ ನಾನು ಅದನ್ನು ಅಲ್ಲಿ ಚಾರ್ಜಿಗೆ ಇಟ್ಟು, ಅಡುಗೆಯ ಗಡಿಬಿಡಿಯಲ್ಲಿ ತೆಗೆಯದೆ ಬಿಟ್ಟಿದ್ದೆ. ಮುಸ್ಸಂಜೆಗೆ ಅತ್ತೆ ಒಳಗೆ ಹೋದರು. ನಾನು ಹೊಸ್ತಿಲಾಚೆಯಿಂದ ಒಂದೊಂದೇ ಪಾತ್ರೆ ಕೊಟ್ಟೆ. ಒಳಗೆ ದೀಪದ ಬೆಳಕಿನಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬಡಿಸಿ ಮುಗಿಸಿ, "ಬನ್ನಿ, ಉಣ್ಣಿ" ಎಂದು ಕರೆದು, ಹೊರಗೆ ಬಂದು ಬಾಗಿಲು ಮುಚ್ಚಿದರು. ಇಬ್ಬರೂ ಚಾವಡಿಯಲ್ಲಿ ಕೂತೆವು. ಬಾಗಿಲು ತೆರೆದರೆ ಹಿರಿಯರು ಅರ್ಧ ಊಟದಲ್ಲಿ ಏಳುತ್ತಾರೆ, ಏಳಿಸಿದ ಮನೆಗೆ ಒಳ್ಳೆಯದಲ್ಲ ಎಂಬುದನ್ನು ಮದುವೆಯಾದ ವರ್ಷವೇ ನನಗೆ ಹೇಳಿಕೊಟ್ಟಿದ್ದರು.

ಆಗ ಒಳಗೆ ಫೋನು ಬಡಿಯಿತು.

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಹಿಡಿತ ಇಂದಿಗೂ ನೆನಪಿದೆ, ಎಲುಬಿಗೆ ತಾಗುವ ಹಾಗಿತ್ತು. ಮುಚ್ಚಿದ ಬಾಗಿಲ ಹಿಂದೆ, ಸತ್ತವರು ಉಣ್ಣುತ್ತಿರುವ ಕತ್ತಲೆಯಲ್ಲಿ ಫೋನು ಬಡಿಯುತ್ತಲೇ ಇತ್ತು. ಕಂಪೆನಿಯ ದೊಡ್ಡವರೇ? ಅವರಾದರೆ ಈ ಬಾಗಿಲು ಎಂದೂ ತೆರೆಯದಿರಲಿ ಎಂದುಕೊಂಡೆ. ಅವನೇ ಆಗಿದ್ದರೆ? ಮತ್ತೆ ಮಾಡಲು ಆಗದ ಕಡೆಯಿಂದ ಮಾಡುತ್ತಿದ್ದರೆ? ಫೋನು ನಿಂತಿತು. ಮಳೆಯ ಸದ್ದು, ಕಡಲಿನ ಸದ್ದು. ಅತ್ತೆಯ ಕೈ ಸಡಿಲಾಗಲಿಲ್ಲ.

ಎರಡನೆಯ ಸಲ ಬಡಿಯಿತು. "ಅತ್ತೆ..." ಎಂದೆ. ಮಾತಾಡಬಾರದ ಹೊತ್ತಿನಲ್ಲಿ ಮಾತಾಡಿದ್ದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಬಿಟ್ಟು, ಎದ್ದು ಹೋಗಿ, ಬಾಗಿಲಿಗೆ ಎರಡು ಸಲ ತಟ್ಟಿ, ಒಳಗಿನವರಿಗೆ ಕೇಳುವ ಹಾಗೆ ಹೇಳಿದರು: "ಏಳಬೇಡಿ, ಉಣ್ಣುತ್ತಾ ಇರಿ. ನನ್ನ ಮಗನ ಫೋನು." ಬಾಗಿಲು ದೂಡಿದರು.

ಆ ವಾಸನೆ ಮುಖಕ್ಕೆ ಬಡಿಯಿತು. ನಾನು ಗೋಡೆಗೆ ಒತ್ತಿಕೊಂಡೇ ಎಲೆಗಳನ್ನು ತುಳಿಯದಂತೆ ಹೋಗಿ ಫೋನು ಎತ್ತಿದೆ. ಎಂದೂ ನೋಡದ ವಿದೇಶದ ನಂಬರು. ಹಸಿರು ಗುಂಡಿ ಒತ್ತಲು ಬೆರಳಿಗೆ ಧೈರ್ಯವಿಲ್ಲ. ಒತ್ತಿದೆ. ಮೊದಲು ನನ್ನ ಉಸಿರಿನ ಸದ್ದೇ ತಿರುಗಿ ಕೇಳಿತು. ಆಮೇಲೆ ದೂರದಿಂದ, "ಶೈಲಾ, ನಾನು" ಎಂದಿತು.

ನಾನು ಅಲ್ಲಿಯೇ ಗೋಡೆಗೆ ಒರಗಿ ಕೂತು ಕೇಳಿದೆ. ಉರಿದದ್ದು ಅವನ ಹಡಗೇ. ಮೇಲಿಂದ ಬಂದದ್ದಕ್ಕೆ ಅವನ ಬಂದೂಕು ಏನೂ ಮಾಡಲಾಗಲಿಲ್ಲ. ಜೀವರಕ್ಷಕ ದೋಣಿಗೆ ಇಳಿದಿದ್ದರು. ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತ್ತು. ಅವನ ಫೋನು ನೀರುಪಾಲಾಗಿತ್ತು, ನಮ್ಮ ನಂಬರನ್ನು ನೆನಪು ಮಾಡಿಕೊಳ್ಳಲು ಇಷ್ಟು ದಿನ ಬೇಕಾಯಿತಂತೆ. "ತಲೆಯಲ್ಲಿ ಎಂತದೂ ನಿಲ್ಲುತ್ತಿರಲಿಲ್ಲ. ಇವತ್ತು ಒಮ್ಮೆಲೇ ಬಂತು" ಎಂದ. ಆಮೇಲೆ, "ದೋಣಿಯಲ್ಲಿ ನಾನು ನಡುವೆ ಕೂತಿದ್ದೆ. ನೀನು ಬರೆದ ಹಾಗೆಯೇ. ಕೈಯಲ್ಲಿ ಎಂತ ಕೆಲಸವೂ ಇಲ್ಲ. ತುಂಬ ಹೆದರಿಕೆ ಆಯ್ತು ಶೈಲಾ" ಎಂದ. ಮದುವೆಯಾದಂದಿನಿಂದ ಅವನ ಬಾಯಲ್ಲಿ ಹೆದರಿಕೆ ಎಂಬ ಮಾತು ಕೇಳಿದ್ದು ಅದೇ ಮೊದಲು.

ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. "ಊಟ ಆಯಿತಾ?" ಎಂದು ಕೇಳಿದರು. ಅವನು ಏನೋ ಹೇಳಿದ. "ಹೂಂ" ಎಂದರು. ಅಷ್ಟೇ. ಕರೆ ಕಡಿಯಿತು. ಆಗಲೇ ನಾನು ಕೆಳಗೆ ನೋಡಿದ್ದು.

ಮಾವನ ಎಲೆ, ಅಜ್ಜ ಅಜ್ಜಿಯರ ಎಲೆ, ಕಡಲಲ್ಲಿ ಹೋದ ತಮ್ಮನ ಎಲೆ, ಪ್ರತಿ ವರ್ಷದ ಸಾಲು ಹಾಗೆಯೇ ಇತ್ತು. ಸಾಲಿನ ಕೊನೆಗೆ, ಬಾಗಿಲ ಹತ್ತಿರ, ಬಡಿಸುವಾಗ ಅತ್ತೆಯ ಬೆನ್ನಿನ ಮರೆಯಲ್ಲಿದ್ದ ಇನ್ನೊಂದು ಎಲೆ. ಅದರ ಮೇಲೆ ಬಂಗುಡೆಯ ನಡುತುಂಡು. ಪಕ್ಕದಲ್ಲಿ ದಿವಾಕರ ಸೈನ್ಯದಿಂದ ತಂದಿದ್ದ, ಅಂಚು ಸುಲಿದ ಹಸಿರು ಎನಾಮೆಲ್ ಮಗ್ಗು. ಅದರ ತುಂಬ ಅವನು ಕುಡಿಯುವ ಹಾಲಿಲ್ಲದ ಚಹಾ.

ಏನೂ ಆಗುವುದಿಲ್ಲ, ಗಟ್ಟಿ ಜೀವ ಎಂದು ನನಗೆ ಹೇಳುತ್ತಲೇ ಅವರು ಮಗನಿಗೆ ಎಲೆ ಹಾಕಿದ್ದರು.

"ನನ್ನ ತಮ್ಮ ಹೋದಾಗ, ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ ನನ್ನ ತಾಯಿ ವರ್ಷಗಟ್ಟಲೆ ಬಡಿಸಲಿಲ್ಲ" ಎಂದರು ಅತ್ತೆ. ದನಿ ಮೆಲ್ಲಗಿತ್ತು. "ಅವ ಕನಸಿನಲ್ಲಿ ಬಂದು ಹಸಿವೆ ಅಂತ ಕೇಳ್ತಿದ್ದ. ದಿವಾಕರ ಹಾಗೆ ಹಸಿದು ಅಲೆಯಬಾರದು ಅಂತ... ನಾನು ಎಂತ ಮಾಡಿಬಿಟ್ಟೆ ನೋಡು."

ಬಡಿಸಿದ ಎಲೆಯನ್ನು ಎತ್ತುವಂತಿಲ್ಲ. ಮನಸ್ಸಿನಲ್ಲಿ ಹೆಸರು ಹಿಡಿದು ಕರೆದು ಬಡಿಸಿಯಾಗಿದೆ. ಹಾಗೆಯೇ ಬಿಟ್ಟರೆ ಅದು ಅವನ ಎಲೆಯಾಗಿ ಉಳಿಯುತ್ತದೆ. ನನಗೆ ಆ ಎಲೆಯನ್ನು ನೋಡಲೂ ಭಯ, ನೋಡದಿರಲೂ ಭಯ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಆ ಎಲೆಯ ಎದುರು, ಸತ್ತವರ ಪಂಕ್ತಿಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತರು. "ಇದು ನನ್ನ ಎಲೆ" ಎಂದರು. ನನಗೆ ಹೇಳಿದ್ದಲ್ಲ, ಸಾಲಿನಲ್ಲಿದ್ದವರಿಗೆ. ಅನ್ನ ಕಲಸಿದರು. ನಡುತುಂಡನ್ನು ಮುರಿದು ಮುಳ್ಳು ಬಿಡಿಸಿ ತಿಂದರು. ಮಡಿಲಿಗೆ ಬಿದ್ದ ಅನ್ನದ ಅಗುಳನ್ನೂ ಹೆಕ್ಕಿ ತಿಂದರು. ಚಹಾವನ್ನು ಕೊನೆಯ ಹನಿಯವರೆಗೆ ಕುಡಿದು ಮಗ್ಗನ್ನು ಬೋರಲು ಹಾಕಿದರು. ಎಲೆಯಲ್ಲಿ ಮುಳ್ಳಿನ ಹೊರತು ಏನೂ ಉಳಿಯಲಿಲ್ಲ. "ಅವನಿಗೆ ಹೇಳಬೇಡ" ಎಂದು ಎದ್ದು ಕೈತೊಳೆಯಲು ಹೋದರು.

ದಿವಾಕರ ಗಣೇಶ ಚೌತಿಗೆ ಮೊದಲು ಮನೆಗೆ ಬಂದ. ಕಡಲಿಗೆ ಮತ್ತೆ ಹೋಗಲಿಲ್ಲ. ಮಣಿಪಾಲದ ಅದೇ ಗೇಟಿನಲ್ಲಿ ಈಗ ಸಲಾಮು ಹೊಡೆಯುತ್ತಾನೆ, ಮುಖ ಸಣ್ಣದಾಗುವುದಿಲ್ಲ. ನಾನು ಅಧ್ಯಾಯದ ಬಾಕಿ ಪದ ಬರೆದೆ. 'ಮುಳುಗಿದವು' ಎಂದು ಬರೆದು, ಮುಳುಗಿದವರ ಸುದ್ದಿ ಇಂಗ್ಲೆಂಡಿನ ಅವರ ಮನೆಗಳಿಗೆ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು, ಅಲ್ಲಿಯವರೆಗೆ ಆ ಮನೆಗಳಲ್ಲಿ ಅವರು ಬದುಕಿಯೇ ಇದ್ದರು ಎಂದು ಇನ್ನೊಂದು ವಾಕ್ಯ ಸೇರಿಸಿದೆ. ಅದು ಯುದ್ಧದ ಇತಿಹಾಸಕ್ಕೆ ಬೇಕೇ ಎಂದು ಮೇಷ್ಟ್ರು ಕೇಳಿದರು. ಬೇಕು ಎಂದೆ. ಅತ್ತೆ ಆಮೇಲೆಯೂ ಬಾಲದ ತುಂಡನ್ನೇ ತಿಂದು, ನಡುತುಂಡನ್ನು ಮಗನಿಗೆ ಬಡಿಸುತ್ತಾ ಕೆಲವು ವರ್ಷ ಬದುಕಿದರು. ಕಳೆದ ಬೇಸಗೆಯಲ್ಲಿ ಹೋದರು.

ಈ ವರ್ಷ ಕಾಯುವ ಹೊತ್ತು ಮುಗಿದ ಮೇಲೆ ನಾನು ಬಾಗಿಲಿಗೆ ತಟ್ಟಿ ತೆರೆದೆ. ದೀಪ ಸಣ್ಣಗೆ ಉರಿಯುತ್ತಿತ್ತು. ಸಾಲಿನ ಕೊನೆಗೆ, ಬಾಗಿಲ ಹತ್ತಿರದ ಜಾಗದಲ್ಲಿ, ಅತ್ತೆಯ ಎಲೆ. ದಿವಾಕರ ನನ್ನ ಹೆಗಲ ಮೇಲಿಂದ ಇಣುಕಿ, "ಆದರೂ ನೀನು ನಡುತುಂಡು ಯಾಕೆ ಹಾಕಿದ್ದು? ಅಮ್ಮ ಅದನ್ನು ತಿಂದವರೇ ಅಲ್ಲ" ಎಂದ.

"ತಿಂದಿದ್ದಾರೆ. ನಾನು ನೋಡಿದ್ದೇನೆ" ಎಂದೆ.